ಎತ್ತಿಗೆ ಜ್ವರ, ಎಮ್ಮೆಗೆ ಬರೆ

ತಪ್ಪು ಕಂಡ ಜಾಗವೂ ತಪ್ಪು ನಡೆದ ಜಾಗವೂ ಒಂದೇ ಎಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಈ ನಂಬಿಕೆಯಿಂದ ಎಷ್ಟು ಅನ್ಯಾಯವಾಗುತ್ತದೆ ಎಂಬುದನ್ನು ವಿಚಾರ ಮಾಡಲು ಈ ಸಲ ಒಂದು ವಿಚಿತ್ರ ಉದಾಹರಣೆಯನ್ನು ತೆಗೆದುಕೊಂಡಿದ್ದೇನೆ. ಅದು ನನ್ನ ವೈದ್ಯ ವೃತ್ತಿಯದಲ್ಲ. ಡುವಾಲ್, ರೆಡ್ಮಂಡ್ ಕಡೆಯ ನಮ್ಮ ಮನೆಗಳಲ್ಲಿ ಸಾರು-ಅನ್ನದ ಜೊತೆಗೂ ಚರ್ಚೆಯಾಗುವ ಕಂಪ್ಯೂಟರ್ ಲೋಕದ್ದು. ಆ ವಿಷಯ ಬಲ್ಲ ಬಂಧುಗಳು ನನ್ನ ಸರಳ ವಿವರಣೆಯನ್ನು ಮನ್ನಿಸಬೇಕು.

1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಈಗ ಲೋಕದ ಅಸಂಖ್ಯ ಯಂತ್ರಗಳನ್ನು ನಡೆಸುತ್ತದೆ. ಅದರ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಕಂಪ್ಯೂಟರಿನ ನೆನಪನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ಹಂಚಿರುತ್ತಾರೆ. ಯಾವ ಪ್ರೋಗ್ರಾಮಿನ ಪುಟ ನಿಜವಾಗಿ ಎಲ್ಲಿದೆ ಎಂದು ತಿಳಿಸುವ ಲೆಕ್ಕದ ಪುಸ್ತಕವೇ ಪೇಜ್ ಟೇಬಲ್. ಇದು ಒಂದೇ ಪುಸ್ತಕವಲ್ಲ. ರಾಜ್ಯ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ವಿಳಾಸ ಹುಡುಕುವ ಹಾಗೆ ಒಂದು ಪಟ್ಟಿ ಇನ್ನೊಂದು ಪಟ್ಟಿಯತ್ತ ಕೈ ತೋರಿಸುತ್ತದೆ. ಮೊದಲು ನಾಲ್ಕು ಮೆಟ್ಟಿಲುಗಳಿದ್ದವು. 2017ರಲ್ಲಿ ಐದನೆಯದೂ ಸೇರಿತು.

ಹೀಗೆ ಮೆಟ್ಟಿಲಿಳಿಯುವಾಗ ಒಂದು ನಮೂದು ಇರಬಾರದ ರೀತಿಯಲ್ಲಿ ಇದ್ದರೆ ಕರ್ನೆಲ್ ಎರಡು ಕೆಲಸ ಮಾಡುತ್ತದೆ. ಮೊದಲು ಒಂದು ಸಾಲನ್ನು ದಾಖಲಿಸುತ್ತದೆ: ಇಂಥ ಕಡತ, ಇಂಥ ಸಾಲು, ಕೆಟ್ಟ ನಮೂದು, ಅದರಲ್ಲಿದ್ದ ಸಂಖ್ಯೆ ಇದು. ಆಮೇಲೆ ಆ ನಮೂದನ್ನು ಅಳಿಸುತ್ತದೆ. ಆ ಸಾಲನ್ನು ಬರೆಯುವ ಪುಟ್ಟ ಸೂತ್ರಗಳಿಗೆ ಎರರ್ ಮ್ಯಾಕ್ರೋ ಎಂದು ಹೆಸರು. ಮೆಟ್ಟಿಲಿಗೊಂದರಂತೆ, ಪ್ರೊಸೆಸರಿನ ಪ್ರತಿ ಜಾತಿಗೂ ಬೇರೆ ಬೇರೆಯಾಗಿ ಇವನ್ನು ಬರೆದಿಟ್ಟಿರುತ್ತಾರೆ. ವರ್ಷಗಳು ಕಳೆದಂತೆ ನಮ್ಮ ಅಟ್ಟದ ಪಾತ್ರೆಗಳ ಹಾಗೆ ಇವೂ ರಾಶಿ ಬೀಳುತ್ತವೆ. ಆಗಾಗ ಯಾರಾದರೂ ಕುಳಿತು ತೊಳೆದಿಡಬೇಕಾಗುತ್ತದೆ. 2020ರಲ್ಲಿ 64 ಬಿಟ್ ಆರ್ಮ್ ಪ್ರೊಸೆಸರುಗಳ ವಿಭಾಗದಲ್ಲಿ ಅಂಥ ಒಂದು ಕೆಲಸ ನಡೆಯಿತು. ಒಂದು ಸಾಲು ಮುದ್ರಿಸುವುದಕ್ಕೆಂದೇ ಇದ್ದ ಪ್ರತ್ಯೇಕ ಫಂಕ್ಷನ್‌ಗಳನ್ನು ತೆಗೆದು, ಆ ಸಾಲನ್ನು ಮ್ಯಾಕ್ರೋದೊಳಗೇ ಬರೆದರು.

ಇಷ್ಟು ತೊಳೆದ ಮೇಲೂ ಉಳಿದದ್ದೇನು ಎಂಬುದು ನನಗೆ ಮುಖ್ಯವಾಗಿ ತೋರಿತು. ಎಲ್ಲಿ ಕಂಡಿತು, ಏನು ಕಂಡಿತು ಎಂಬ ಎರಡೇ ಸಂಗತಿಗಳು. ಯಾರು ಮಾಡಿದರು ಎಂಬುದು ಅಲ್ಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಆ ನಮೂದನ್ನು ಕೆಡಿಸಿದ್ದು ಎಷ್ಟೋ ಹೊತ್ತಿನ ಹಿಂದೆ ತನ್ನ ಎಲ್ಲೆ ಮೀರಿ ಬರೆದ ಬೇರೊಂದು ತಂತ್ರಾಂಶವಿರಬಹುದು, ಅಥವಾ ಒಂದು ಬಿಟ್ ತಿರುಗಿಸಿದ ದೋಷಯುಕ್ತ ಮೆಮೊರಿ ಚಿಪ್ ಇರಬಹುದು. ಪರೀಕ್ಷೆ ನಡೆಯುವ ಕಡತ ಸಾಮಾನ್ಯವಾಗಿ ಒಂದೇ ಆದ್ದರಿಂದ, ಕೆಡಿಸಿದವರು ಯಾರೇ ಆದರೂ ಮುದ್ರಣವಾಗುವುದು ಆ ಒಂದೇ ಕಡತದ ಹೆಸರು. ಅದನ್ನು ಓದಿ ಆ ಕಡತವನ್ನೇ ತಿದ್ದಲು ಹೊರಟರೆ, ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತೆಯೇ ಸರಿ.

ವೈದ್ಯರಿಗೆ ಇದು ಹಳೆಯ ಪಾಠ. ಪಿತ್ತಕೋಶ ಊದಿಕೊಂಡವರು ಬಲ ಹೆಗಲು ನೋವೆಂದು ಬರುವುದುಂಟು. ಹೃದಯಕ್ಕೆ ಆಘಾತವಾದಾಗ ಎಡತೋಳು, ದವಡೆ ನೋಯುವುದುಂಟು. ರೋಗಿ ಸುಳ್ಳು ಹೇಳುತ್ತಿಲ್ಲ, ಹೆಗಲಂತೂ ನಿಜವಾಗಿ ನೋಯುತ್ತಿದೆ. ಆದರೆ ಹೆಗಲಿಗೆ ಎಣ್ಣೆ ಹಚ್ಚಿ ಕಳಿಸಿದರೆ ವೈದ್ಯನ ಕೆಲಸ ಮುಗಿಯಲಿಲ್ಲ.

ಶರೀರದ ಮಾತು ಹೀಗಾದರೆ ಸಂಸ್ಥೆಗಳ ಮಾತೇನು? ನಮ್ಮ ಸಿಯಾಟಲ್‌ನ ವರ್ಜಿನಿಯಾ ಮೇಸನ್ ಆಸ್ಪತ್ರೆ 2002ರಲ್ಲಿ ಒಂದು ಪದ್ಧತಿ ತಂದಿತು. ಟೊಯೋಟಾ ಕಾರ್ಖಾನೆಯ ಮಾದರಿಯಲ್ಲಿ, ಅಪಾಯ ಕಂಡ ಯಾವ ನೌಕರನಾದರೂ ಎಚ್ಚರಿಕೆ ಕೊಟ್ಟು ಕೆಲಸ ನಿಲ್ಲಿಸಬಹುದು. ಆದರೂ 2004ರಲ್ಲಿ ಅಲ್ಲಿ ಒಬ್ಬ ಮಹಿಳೆಯ ರಕ್ತನಾಳಕ್ಕೆ ಎಕ್ಸ್‌ರೇ ಬಣ್ಣದ ದ್ರವದ ಬದಲು ಚರ್ಮ ಶುಚಿಗೊಳಿಸುವ ದ್ರವ ಸೇರಿ, ಅವರು ತೀರಿಕೊಂಡರು. ಒಂದೇ ತರಹ ಕಾಣುವ ಬಣ್ಣವಿಲ್ಲದ ದ್ರವಗಳು ಹೆಸರಿನ ಚೀಟಿಯಿಲ್ಲದೆ ಅಕ್ಕಪಕ್ಕ ಇದ್ದವು. ದೋಷ ಕಂಡದ್ದು ಸಿರಿಂಜ್ ಹಿಡಿದ ಕೈಯಲ್ಲಿ. ಹುಟ್ಟಿದ್ದು ಮೇಜನ್ನು ಹಾಗೆ ಜೋಡಿಸಲು ಬಿಟ್ಟ ವ್ಯವಸ್ಥೆಯಲ್ಲಿ. ಆಸ್ಪತ್ರೆ ಮುಚ್ಚಿಡಲಿಲ್ಲ. ಸಾರ್ವಜನಿಕವಾಗಿ ಒಪ್ಪಿಕೊಂಡು ಕ್ಷಮೆ ಕೇಳಿತು. ಒಬ್ಬರನ್ನು ಮನೆಗೆ ಕಳಿಸಿ ಕೈ ತೊಳೆದುಕೊಂಡಿದ್ದರೆ ಆ ಮೇಜು ಹಾಗೆಯೇ ಇರುತ್ತಿತ್ತು, ಮುಂದಿನ ರೋಗಿಗಾಗಿ ಕಾಯುತ್ತ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟಿದರೆ ಮನುಷ್ಯನ ಹೊಣೆ ಎಲ್ಲಿ ಉಳಿಯಿತು? "ನನ್ನದೇನೂ ಇಲ್ಲ, ಎಲ್ಲ ಸಿಸ್ಟಮ್" ಎಂದು ಜಾರಿಕೊಳ್ಳುವವರನ್ನು ನಾವು ಎರಡು ದೇಶಗಳಲ್ಲೂ ಕಂಡಿದ್ದೇವೆ. ಆಕ್ಷೇಪ ಸರಿಯೇ. ಆದರೆ ಕರ್ನೆಲ್‌ನ ಆ ಪುಟ್ಟ ಸಾಲು ಹೊಣೆಯನ್ನು ಅಳಿಸುವುದಿಲ್ಲ, ಎರಡು ಪಾಲು ಮಾಡುತ್ತದೆ. ಕಂಡವನ ಹೊಣೆ, ಕಂಡದ್ದನ್ನು ಕಂಡ ಹಾಗೆ, ಕಂಡ ಕೂಡಲೇ ಹೇಳುವುದು. ಕೇಳಿದವನ ಹೊಣೆ, ಹೇಳಿದವನ ಕೊರಳು ಹಿಡಿಯದೆ ಮೂಲದವರೆಗೆ ಹೋಗುವುದು. ಮೂಲದಲ್ಲಿ ಒಬ್ಬ ಮನುಷ್ಯನ ಅಸಡ್ಡೆಯೇ ಸಿಕ್ಕಿದರೆ ಆಗ ಅವನು ಉತ್ತರ ಕೊಡಲೇಬೇಕು. ಆದರೆ ಹುಡುಕಿದ ಮೇಲೆ, ಹುಡುಕುವ ಮೊದಲಲ್ಲ. ಹೇಳಿದವನಿಗೇ ಏಟು ಬೀಳುವ ಮನೆಯಲ್ಲಿ ಎರಡನೆಯ ಸಲ ಯಾರೂ ಬಾಯಿ ಬಿಡುವುದಿಲ್ಲ.

ಅನುಕ್ರಮವೂ ಮುಖ್ಯ. ಮೊದಲು ದಾಖಲೆ, ಆಮೇಲೆ ಅಳಿಸುವಿಕೆ. ಆಸ್ಪತ್ರೆಯ ಕಾಗದದಲ್ಲಿ ತಪ್ಪು ಬರೆದರೆ ಅದನ್ನು ಕೆರೆದು ತೆಗೆಯಬಾರದು. ಓದಲು ಬರುವಂತೆ ಒಂದೇ ಗೆರೆ ಹೊಡೆದು ದಿನಾಂಕ, ಸಹಿ ಹಾಕಬೇಕೆಂದು ನಮಗೆ ಕಲಿಸಿದ್ದರು. ಸದ್ದಿಲ್ಲದೆ ಸರಿಪಡಿಸಿದ ತಪ್ಪು ನೋಡಲು ಚೊಕ್ಕಟವಾಗಿರುತ್ತದೆ. ಆದರೆ ಅದರ ಜೊತೆಗೆ ಕಾರಣದ ಜಾಡೂ ಅಳಿಸಿಹೋಗುತ್ತದೆ. ಶುಚಿಗೊಳಿಸುವುದೆಂದರೆ ಬೇಡವಾದ ಮಾತನ್ನು ಕಡಿಮೆ ಮಾಡುವುದೇ ಹೊರತು ಬೇಕಾದ ಸಾಕ್ಷಿಯನ್ನು ಕಸದ ಜೊತೆ ಗುಡಿಸುವುದಲ್ಲ.

ನಮ್ಮ ಮಕ್ಕಳ ರಿಪೋರ್ಟ್ ಕಾರ್ಡನ್ನೇ ನೋಡಿ. ಗಣಿತದಲ್ಲಿ ಸಿ ಬಂದಿದೆ ಎಂಬುದು ಒಂದು ಸಾಲಿನ ಸಂಖ್ಯೆ, ಅಷ್ಟೇ. ಕಾರಣ ಗಣಿತದಲ್ಲೇ ಇರಬಹುದು. ಬಸ್ಸಿನಲ್ಲಿ ಕಾಡುವ ಹುಡುಗರಲ್ಲಿರಬಹುದು. ಕಪ್ಪುಹಲಗೆ ಕಾಣಿಸದ ಕಣ್ಣಿನಲ್ಲಿರಬಹುದು. ರಾತ್ರಿ ನಾವಿಬ್ಬರೂ ಗಟ್ಟಿಯಾಗಿ ಆಡಿದ ಮಾತಿನಲ್ಲೂ ಇರಬಹುದು. ಮಗು ಆ ಕಾಗದವನ್ನು ತಾನಾಗಿಯೇ ತಂದು ಕೈಗಿಟ್ಟರೆ ಅದು ತನ್ನ ಪಾಲಿನ ಕೆಲಸ ಮಾಡಿದೆ. ಉಳಿದದ್ದು ನಮ್ಮ ಪಾಲು.