ತುಕ್ಕೋ, ಚಿಗುರೋ?

ನೆರೆಮನೆಯ ರಾಯರಿಗೆ ಎಪ್ಪತ್ತೆರಡು ವರ್ಷ. ಮೊನ್ನೆ ಸಂಜೆ ಬಂದವರು ಒಂದು ಗುಳಿಗೆಯ ಶೀಸೆಯನ್ನೂ ಒಂದು ಸೂಜಿಮದ್ದಿನ ಜಾಹೀರಾತನ್ನೂ ನನ್ನ ಮೇಜಿನ ಮೇಲಿಟ್ಟು, "ಮುಪ್ಪನ್ನು ಮುಂದೂಡಲು ಇವೆರಡರಲ್ಲಿ ಯಾವುದು ಮೇಲು, ಮೇಷ್ಟ್ರೇ?" ಎಂದು ಕೇಳಿದರು. ನಾನು ಕನ್ನಡದ ಮೇಷ್ಟರು. ಆದರೂ ಓದಿ ತಿಳಿದಷ್ಟನ್ನು ಹೇಳಿದೆ.

ಗುಳಿಗೆಯ ಹಿಂದಿರುವುದು ತುಕ್ಕಿನ ಕಲ್ಪನೆ. ನಾವು ಉಸಿರಾಡುವ ಆಮ್ಲಜನಕದಿಂದಲೇ ಹುಟ್ಟುವ ಚಂಚಲ ಕಣಗಳು ಜೀವಕೋಶಗಳನ್ನು ಕೆಡಿಸುತ್ತವೆ, ಮುಪ್ಪೆಂದರೆ ಅದೇ ಎಂದು ಡೆನ್ಹಮ್ ಹಾರ್ಮನ್ 1956ರಲ್ಲಿ ವಾದಿಸಿದರು. ಹಾಗಾದರೆ ಅವನ್ನು ತಣಿಸುವ ಆಂಟಿಆಕ್ಸಿಡೆಂಟನ್ನು ನುಂಗಿದರಾಯಿತಲ್ಲ! ಆದರೆ ಫಿನ್ಲೆಂಡಿನಲ್ಲಿ ಸುಮಾರು 29,000 ಮಂದಿ ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಹೊರಬಿದ್ದಾಗ, ಇಂಥದೇ ವಸ್ತುವಾದ ಬೀಟಾ ಕ್ಯಾರೊಟೀನನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ದೇಹ ಬರಿಯ ಕಬ್ಬಿಣವಲ್ಲ.

ಸೂಜಿಮದ್ದಿನ ಹಿಂದಿರುವುದು ಚಿಗುರಿನ ಕಲ್ಪನೆ. ಬೆಳವಣಿಗೆಯ ಹಾರ್ಮೋನು ಯಕೃತ್ತಿನಿಂದ ಐಜಿಎಫ್-1 ಎಂಬ ಚೋದಕವನ್ನು ಹೊರಡಿಸುತ್ತದೆ. 1990ರಲ್ಲಿ ಡೇನಿಯಲ್ ರಡ್ಮನ್ ಅರವತ್ತು ದಾಟಿದ 12 ಮಂದಿಗೆ ಆರು ತಿಂಗಳು ಆ ಹಾರ್ಮೋನನ್ನು ಕೊಟ್ಟಾಗ ಮಾಂಸಖಂಡ ಹೆಚ್ಚಿತು, ಕೊಬ್ಬು ಇಳಿಯಿತು. ಅತ್ತ 1993ರಲ್ಲಿ ಸಿಂಥಿಯಾ ಕೆನ್ಯನ್ ಎರಡು ಪಟ್ಟು ಬಾಳುವ ಹುಳುಗಳನ್ನು ತೋರಿಸಿದರು. ಅವುಗಳಲ್ಲಿ ಇಂಥದೇ ಬೆಳವಣಿಗೆಯ ಸಂಕೇತ ಹೆಚ್ಚಿರಲಿಲ್ಲ, ಕುಂದಿತ್ತು! ಬೆಳೆಸುವುದೆಲ್ಲ ಬಾಳಿಸುವುದಲ್ಲ.

"ಯಯಾತಿಯ ಕಥೆ ನೆನಪಿದೆಯಲ್ಲ? ಮಗನ ಯೌವನವನ್ನೇ ಪಡೆದರೂ ಅವನ ಆಸೆ ತೀರಲಿಲ್ಲ" ಎಂದು ಕೊನೆಗೆ ಉಪದೇಶಕ್ಕೂ ಇಳಿದೆ.

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಾವಿರ ವರ್ಷ ಯಾರಿಗೆ ಬೇಕು? ನಮ್ಮಾಕೆ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಬೆಳಿಗ್ಗೆ ಎತ್ತಿ ಕೂರಿಸಬೇಕು. ಅವಳಿರುವಷ್ಟು ದಿನ ನನ್ನ ತೋಳಿನಲ್ಲಿ ಕಸುವಿದ್ದರೆ ಸಾಕು" ಎಂದರು.

ನನಗೆ ನಾಚಿಕೆಯಾಯಿತು. ಯೌವನದ ಆಸೆಯೆಲ್ಲ ಒಂದೇ ಎಂದು ಎಣಿಸಿದ್ದೆ. ಭೋಗಕ್ಕಾಗಿ ಬೇಡುವುದು ಬೇರೆ, ಹೊಣೆಗಾಗಿ ಬೇಡುವುದು ಬೇರೆ. ಆದರೆ ಬೇಡಿಕೆ ಎಷ್ಟು ಶುದ್ಧವಾದರೂ ಮದ್ದಿನ ಗುಣ ಬದಲಾಗದು. ಮುಂದೆ 1996ರ ಒಂದು ಪರೀಕ್ಷೆಯಲ್ಲಿ ಆ ಹಾರ್ಮೋನಿನಿಂದ ಮುದುಕರ ಮೈಯಲ್ಲಿ ಖಂಡ ಬೆಳೆಯಿತು, ಬಲ ಬೆಳೆಯಲಿಲ್ಲ. ಇದನ್ನೂ ರಾಯರಿಗೆ ಹೇಳಲೇಬೇಕಾಯಿತು.

ಹೇಳಿ ಕೈತೊಳೆದುಕೊಳ್ಳುವುದು ಮಾತ್ರ ಸರಿಕಾಣಲಿಲ್ಲ. ಮುಪ್ಪಿಲ್ಲದ ತೋಳನ್ನು ಯಾವ ಅಂಗಡಿಯೂ ಮಾರದು ಎಂದು ಬಲ್ಲವನು, ತನ್ನ ತೋಳುಗಳನ್ನು ಕಟ್ಟಿಕೊಂಡು ಕೂರಬಹುದೆ? ಈಗ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಅವರ ಮನೆಗೊಮ್ಮೆ ಹೋಗಿ ಬರುತ್ತೇನೆ. ಎತ್ತುವಾಗ ನಾಲ್ಕು ತೋಳುಗಳಿರುತ್ತವೆ.