ಹೆಸರು ಹೇಳಿದವರನ್ನು ಯಾರು ಕೇಳಬೇಕು?

1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಯ ಹೆಸರು ಈ ಕಡೆಯವರಿಗೆ ಹೊಸದಲ್ಲ. ಗಂಜಾಂನಲ್ಲಿ ಅವನ ಹೆಸರಿನ ಚರ್ಚ್ ಇವತ್ತಿಗೂ ಇದೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಮಾಟ ಮಂತ್ರಕ್ಕೆಂದೇ ಒಂದು ಅಧ್ಯಾಯವಿದೆ. ಮಾಟಗಾರ ಎಂದು ಊರಿನವರು ತೀರ್ಮಾನಿಸಿದವನ ಮುಂದಿನ ಹಲ್ಲು ಕೀಳುತ್ತಿದ್ದರು ಎಂದು ದುಬೊಯಿ ಅಲ್ಲಿ ಬರೆಯುತ್ತಾನೆ. ಹಲ್ಲು ಹೋದರೆ ಮಂತ್ರದ ಉಚ್ಚಾರ ಕೆಡುತ್ತದೆ, ಉಚ್ಚಾರ ಕೆಟ್ಟರೆ ಅವನು ಸಾಕಿಕೊಂಡ ಭೂತವೇ ಅವನ ಮೇಲೆ ಮುನಿಯುತ್ತದೆ ಎಂಬುದು ಲೆಕ್ಕ. ಹಾಗೆ ಹಲ್ಲು ಕೀಳಿಸಿಕೊಂಡ ಬಡವನೊಬ್ಬ ಪಾದ್ರಿಯ ಮನೆ ಬಾಗಿಲಿಗೆ ಬಂದು ಕಾಲಿಗೆ ಬಿದ್ದ, ತಾನು ಏನೂ ಮಾಡಿಲ್ಲವೆಂದು ಹೇಳಿ ನ್ಯಾಯ ಕೊಡಿಸಿ ಎಂದ. ಅವನನ್ನು ನೋಡಿದರೆ ಮಾಟಗಾರನ ಹಾಗೆ ಕಾಣಲಿಲ್ಲ ಎಂದು ದುಬೊಯಿ ಬರೆದಿದ್ದಾನೆ. ಆದರೆ ಅವನಿಗೆ ನಡುವೆ ಬರುವ ಅಧಿಕಾರ ಇರಲಿಲ್ಲ; ಮರುಕ ತೋರಿಸಿ ಕಳಿಸಿದ. ಮತಪ್ರಚಾರಕ್ಕೆ ಬಂದ ಪಾದ್ರಿ ನಮ್ಮವರನ್ನು ಕೀಳು ಮಾಡಿ ಬರೆಯುವುದು ಸಹಜ ಎಂದು ಈ ಸಾಕ್ಷಿಯನ್ನೇ ತಳ್ಳಿಹಾಕುವವರುಂಟು. ಅವನ ಪುಸ್ತಕದ ಎಷ್ಟೋ ಮಾತಿಗೆ ಆ ಆಕ್ಷೇಪ ಸಲ್ಲುತ್ತದೆ. ಇಲ್ಲಿ ಮಾತ್ರ ಅವನು ತಾನೇ ಕೈಲಾಗದೆ ಸುಮ್ಮನಿದ್ದುದನ್ನು ಹೇಳಿಕೊಂಡಿದ್ದಾನೆ. ಅಂಥ ಕಥೆಯನ್ನು ಹೆಚ್ಚುಗಾರಿಕೆಗೆಂದು ಯಾರೂ ಕಟ್ಟುವುದಿಲ್ಲ.

ಇಂಥ ಪ್ರಸಂಗ ಎತ್ತಿದ ಕೂಡಲೇ ಚರ್ಚೆ ‘ಮಾಟ ಇದೆಯೋ ಇಲ್ಲವೋ’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ನಂಬುವವರು ಒಂದು ಕಡೆ, ನಗುವವರು ಇನ್ನೊಂದು ಕಡೆ. ಹಲ್ಲು ಕಳೆದುಕೊಂಡವನನ್ನು ಇಬ್ಬರೂ ಮರೆಯುತ್ತಾರೆ. ನನ್ನ ವಾದ ಬೇರೆ. ಮಾಟ ಇದೆ ಎಂದೇ ಒಪ್ಪಿಕೊಳ್ಳೋಣ. ಅದನ್ನು ಮಾಡಿದ್ದು ಇಂಥವಳೇ, ಇಂಥವನೇ ಎಂದು ಹೇಳಲು ಆಧಾರವೇನು? ಲೋಕದಲ್ಲಿ ಒಂದು ಶಕ್ತಿ ಇರಬಹುದು ಎಂಬುದರಿಂದ ಪಕ್ಕದ ಮನೆಯ ಹೆಂಗಸಿನ ಹೆಸರಿಗೆ ದಾರಿಯಿಲ್ಲ. ದಾರಿ ಇದೆ ಎನ್ನುವವನು ನಾಸ್ತಿಕರಿಗಲ್ಲ, ತಾನು ನಂಬುವ ದೇವರಿಗೇ ಉತ್ತರ ಕೊಡಬೇಕಾಗುತ್ತದೆ.

ಇದನ್ನು ಅತಿ ದುಬಾರಿ ಬೆಲೆ ತೆತ್ತು ಕಲಿತವರು ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು. 1692ರಲ್ಲಿ ಸೇಲಂ ಗ್ರಾಮದ ಪಾದ್ರಿ ಸ್ಯಾಮುಯೆಲ್ ಪ್ಯಾರಿಸನ ಮನೆಯ ಹೆಣ್ಣುಮಕ್ಕಳಿಗೆ ಮೈ ತಿರುಚುವ, ಕಿರುಚುವ ಕಾಯಿಲೆ ಬಂತು. ಯಾರು ಕಾಟ ಕೊಡುತ್ತಿದ್ದಾರೆ ಎಂದು ದೊಡ್ಡವರು ಕೇಳಿದರು, ಮಕ್ಕಳು ಹೆಸರು ಹೇಳಿದರು. ಮೊದಲು ಬಂದ ಹೆಸರುಗಳು ಮೂರು: ಮನೆಯ ಗುಲಾಮಳು ಟಿಟೂಬಾ, ಬೇಡಿ ಬದುಕುತ್ತಿದ್ದ ಸಾರಾ ಗುಡ್, ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್. ಊರಿನಲ್ಲಿ ಯಾರ ಪರವಾಗಿ ನಾಲ್ಕು ಜನ ನಿಲ್ಲುವುದಿಲ್ಲವೋ ಅವರಿಂದ ಪಟ್ಟಿ ಶುರುವಾಯಿತು. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳನ್ನೂ ಸೆರೆಗೆ ಹಾಕಿದರು. ಕೋರ್ಟಿನಲ್ಲಿ ನಡೆದದ್ದು ಇಷ್ಟು: ಆಪಾದಿತಳ ದೇಹ ಜೈಲಿನಲ್ಲಿದ್ದರೂ ಅವಳ ಛಾಯೆ ಬಂದು ತನ್ನನ್ನು ಚಿವುಟಿತು ಎಂದು ಹುಡುಗಿ ಹೇಳಿದರೆ ಅದೇ ಸಾಕ್ಷಿ. ಆ ಛಾಯೆ ಕಾಣುವುದು ಹುಡುಗಿಗೆ ಮಾತ್ರ. ತಪ್ಪೊಪ್ಪಿಕೊಂಡವರು ಬದುಕಿದರು, ಸುಳ್ಳು ಹೇಳಲಾರೆ ಎಂದವರು ನೇಣಿಗೆ ಹೋದರು. ಎಪ್ಪತ್ತು ದಾಟಿದ ರೆಬೆಕಾ ನರ್ಸ್ ಎಂಬ ದೈವಭಕ್ತೆಯನ್ನು ಜ್ಯೂರಿ ಮೊದಲು ನಿರಪರಾಧಿ ಎಂದಿತು. ಹುಡುಗಿಯರು ಚೀರಾಡಿದರು, ನ್ಯಾಯಾಧೀಶ ಇನ್ನೊಮ್ಮೆ ಯೋಚಿಸಿ ಎಂದ, ತೀರ್ಪು ತಿರುಗಿತು. ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ವಿಚಾರಣೆಗೆ ಒಪ್ಪದ ಮುದುಕ ಜೈಲ್ಸ್ ಕೋರಿಯ ಎದೆಯ ಮೇಲೆ ಕಲ್ಲು ಹೇರಿ ಕೊಂದರು.

ಈ ಕೊಲೆಗಳು ನಿಂತ ಬಗೆ ಇನ್ನೂ ಮುಖ್ಯ. ಸೇಲಂನವರು ಸೈತಾನನನ್ನು ನಂಬುವುದನ್ನು ಬಿಟ್ಟದ್ದರಿಂದ ನಿಲ್ಲಲಿಲ್ಲ. ಇಂಕ್ರೀಸ್ ಮ್ಯಾದರ್ ಎಂಬ ಹಿರಿಯ ಪಾದ್ರಿ ಆ ವರ್ಷದ ಅಕ್ಟೋಬರಿನಲ್ಲಿ ಒಂದು ಸರಳ ಪ್ರಶ್ನೆ ಹಾಕಿದ: ಸೈತಾನ ಮೋಸಗಾರನಾದರೆ ನಿರಪರಾಧಿಯ ರೂಪ ತಾಳಿ ಬರಲಾರನೇ? ಬರಬಲ್ಲನಾದರೆ ಛಾಯೆ ಕಂಡದ್ದರಿಂದ ಯಾರ ಅಪರಾಧವೂ ಸಾಬೀತಾಗುವುದಿಲ್ಲ. ಅದೇ ತಿಂಗಳ ಕೊನೆಗೆ ಗವರ್ನರ್ ಫಿಪ್ಸ್ ಆ ವಿಶೇಷ ನ್ಯಾಯಾಲಯವನ್ನು ಮುಚ್ಚಿದ. ಮುಂದಿನ ವರ್ಷ ಕೂತ ಹೊಸ ನ್ಯಾಯಾಲಯ ಛಾಯೆಯ ಸಾಕ್ಷಿಯನ್ನು ಬದಿಗಿಟ್ಟಿತು. ಹೆಚ್ಚುಕಡಿಮೆ ಎಲ್ಲರೂ ಬಿಡುಗಡೆಯಾದರು. ಐದು ವರ್ಷದ ಮೇಲೆ, 1697ರಲ್ಲಿ, ನ್ಯಾಯಾಧೀಶ ಸ್ಯಾಮುಯೆಲ್ ಸೀವಾಲ್ ತನ್ನ ತಪ್ಪೊಪ್ಪಿಗೆಯನ್ನು ಚರ್ಚಿನಲ್ಲಿ ಎಲ್ಲರೆದುರು ಓದಿಸಿ, ಅದು ಮುಗಿಯುವವರೆಗೆ ಎದ್ದು ನಿಂತಿದ್ದ. ಕೊಂದವರೂ ಭಕ್ತರೇ, ತಡೆದವರೂ ಭಕ್ತರೇ. ಹಾಗಿದ್ದ ಮೇಲೆ ಕೊಲೆಯ ಮೂಲ ಬರೀ ನಂಬಿಕೆಯಲ್ಲಿತ್ತು ಎನ್ನಲಾಗದು. ಅಲ್ಲಗಳೆಯಲು ಎಡೆಯೇ ಇಲ್ಲದ ಸಾಕ್ಷಿಯನ್ನು ಸಾಕ್ಷಿಯೆಂದು ಒಪ್ಪಿದ್ದರಲ್ಲಿತ್ತು.

ಈಗ ನಮ್ಮ ಕಡೆಗೆ ಬರೋಣ. ಮಾಟವನ್ನು ಕಲಬುರಗಿ, ಬೀದರ್ ಕಡೆ ಬಾನಾಮತಿ ಎನ್ನುತ್ತಾರೆ. ಮಂಡ್ಯ, ಮೈಸೂರು ಸೀಮೆಯಲ್ಲಿ ‘ಮದ್ದು ಹಾಕೋರು’ ಎಂಬ ಮಾತು ಹೆಚ್ಚು. ಶ್ರೀರಂಗಪಟ್ಟಣದ ಬಾಬುರಾಯನಕೊಪ್ಪಲಿನಿಂದ ನಾಗಮಂಗಲದವರೆಗೆ ಈ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅನ್ನದಲ್ಲೋ ಬಾಳೆಹಣ್ಣಿನಲ್ಲೋ ಬೆರೆಸಿ ಕೊಟ್ಟ ಮದ್ದು ಹೊಟ್ಟೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಮೈ ಸೊರಗಿಸುತ್ತದೆ, ಆಸ್ಪತ್ರೆಯ ಯಾವ ಪರೀಕ್ಷೆಗೂ ಸಿಗುವುದಿಲ್ಲ ಎಂಬ ನಂಬಿಕೆ ಅದು. ಅದನ್ನು ಕಕ್ಕಿಸುವವರು ಬೇರೆ ಇದ್ದಾರೆ. ಗಮನಿಸಿ: ಕೊಟ್ಟದ್ದು ಯಾವಾಗಲೋ, ಕೊಡುವುದನ್ನು ಕಂಡವರಿಲ್ಲ, ಪರೀಕ್ಷೆಗೆ ಸಿಗದಿರುವುದೇ ಅದರ ಗುರುತು. ಸೇಲಂನ ಛಾಯೆಗಿಂತ ಇದು ಯಾವುದರಲ್ಲಿ ಬೇರೆ? ಅಂಜನ ಹಾಕಿ ನೋಡಿದಾಗ ಕಂಡ ಮುಖವೂ ಅಷ್ಟೆ, ಮೈಮೇಲೆ ಬಂದದ್ದು ಹೇಳಿದ ಹೆಸರೂ ಅಷ್ಟೆ. ನಿಜವಾದ ವಿಷ ಹಾಕಿದ್ದರೆ ಅದು ಅಪರಾಧ. ಅದಕ್ಕೆ ಪೊಲೀಸರಿದ್ದಾರೆ, ಪ್ರಯೋಗಾಲಯವಿದೆ. ಪ್ರಯೋಗಾಲಯಕ್ಕೆ ಸಿಗದ ವಿಷಕ್ಕೆ ಮನುಷ್ಯರ ಹೆಸರು ಮಾತ್ರ ಯಾಕೆ ಸಿಗಬೇಕು?

ಅಭಿಚಾರ, ಅಂದರೆ ಮಾಟ, ಅಥರ್ವವೇದದಲ್ಲೇ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ ವೇದ ನಿಮ್ಮ ಓರಗಿತ್ತಿಯ ಹೆಸರು ಹೇಳಿಲ್ಲ. ಅದೇ ಪರಂಪರೆ ಕರ್ಮವನ್ನೂ ಹೇಳುತ್ತದೆ. ಮಗುವಿನ ಜ್ವರ, ಹಸು ಹಾಲು ಕೊಡದಾದದ್ದು, ಬೋರ್‌ವೆಲ್ ಬತ್ತಿದ್ದು ನಮ್ಮ ಕರ್ಮಫಲ ಅಥವಾ ದೈವೇಚ್ಛೆ ಎಂದು ಒಂದು ಬಾಯಲ್ಲಿ ಹೇಳಿ, ಇನ್ನೊಂದು ಬಾಯಲ್ಲಿ ವಿಧವೆಯೊಬ್ಬಳ ಕೈವಾಡ ಎನ್ನುವವನು ಮೊದಲು ತನ್ನ ಸಿದ್ಧಾಂತ ಯಾವುದು ಎಂದು ತಿಳಿಸಲಿ. ದೇವರಿಗಿಂತ ಅವಳೇ ದೊಡ್ಡವಳು ಎಂದು ಒಪ್ಪಿದಂತಾಯಿತಲ್ಲ!

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ನರಳುವವರ ನರಳಾಟ ಸುಳ್ಳೇ? ಅಲ್ಲ. ಬಾನಾಮತಿ ಎಂದು ಹೆಸರಾದ ತೊಂದರೆಗಳನ್ನು ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ನಾಟಕವೆಂದು ತಳ್ಳದೆ ಚಿಕಿತ್ಸೆ ಬೇಕಾದ ಯಾತನೆ ಎಂದೇ ನೋಡಿದರು. ಆದರೆ ನೋವು ನಿಜವಾದ ಮಾತ್ರಕ್ಕೆ ನೋವುಂಡವರು ತೋರಿಸಿದ ಬೆರಳು ನಿಜವಾಗುವುದಿಲ್ಲ. ಈಗ ಯಾರೂ ಹಲ್ಲು ಕೀಳುವುದಿಲ್ಲವಲ್ಲ ಎಂದೂ ಕೆಲವರು ಹೇಳಿಯಾರು. ಹಲ್ಲಿನ ಬದಲು ನೆಂಟಸ್ತನ ಕೀಳುತ್ತಾರೆ. ಆ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ಹೆಣ್ಣು ತರುವುದಿಲ್ಲ, ಹಬ್ಬಕ್ಕೆ ಕರೆದರೂ ಎಲೆ ಮುಂದೆ ಕೂರುವುದಿಲ್ಲ. ನೇಣಿನ ಲೆಕ್ಕವಾದರೂ ದಾಖಲೆಯಲ್ಲಿ ಉಳಿಯುತ್ತದೆ. ಇದು ಯಾವ ದಾಖಲೆಗೂ ಬರುವುದಿಲ್ಲ.

ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕರ್ನಾಟಕದ ಶಾಸನಸಭೆ 2017ರಲ್ಲಿ ಅಂಗೀಕರಿಸಿದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಅದು ಧರ್ಮದ ಮೇಲಿನ ದಾಳಿ ಎಂದವರು ಒಮ್ಮೆ ಓದಿ ನೋಡಲಿ: ಪೂಜೆ, ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗಳನ್ನು ಅದು ಮುಟ್ಟಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಮಾಟದ ಹೆಸರಿನಲ್ಲಿ ಹಿಂಸಿಸುವುದು ಅದರ ಗುರಿ. ಊರಿನ ಜಗಲಿಯ ಮೇಲೆ ಯಾರದೋ ಹೆಸರು ಬಂದಾಗ ‘ನೀನು ಕಂಡೆಯಾ?’ ಎಂದು ಕೇಳುವ ಕೆಲಸವನ್ನು ಮಾತ್ರ ಯಾವ ಕಾಯ್ದೆಯೂ ಮಾಡಲಾರದು. ಅದನ್ನು ಅಲ್ಲಿ ಕೂತವರೇ ಕೇಳಬೇಕು. ಪೂಜಾರಿ, ಪಾದ್ರಿ, ಮೌಲ್ವಿ ಎಲ್ಲರಿಗಿಂತ ಮೊದಲು ಕೇಳಬೇಕು.