ಹೊಸ ವರ್ಷದ ಮೊದಲ ಲೋಟ ನೀರು


ಇಂದಿನ ಧಮ್ಮ ಚಿಂತನೆ: ಜನವರಿ 1

ಧಮ್ಮ ಬಂಧುಗಳೇ,

ನಿನ್ನೆ ರಾತ್ರಿಯಿಂದ ನಮ್ಮ ಗುಂಪಿಗೆ ಎರಡು ಬಗೆಯ ಸಂದೇಶಗಳು ಬರುತ್ತಿವೆ. ಒಂದು, ಕೋರೆಗಾಂವ್ ಜಯಸ್ತಂಭದ ಚಿತ್ರಗಳು. ಇನ್ನೊಂದು, ಹೊಸ ವರ್ಷದಲ್ಲಿ ಆರೋಗ್ಯವಾಗಿರಲು ಹೀಗೆ ಮಾಡಿ ಎಂಬ ಪಟ್ಟಿಗಳು. ಎದ್ದ ಕೂಡಲೇ ಬಿಸಿನೀರು, ಅರ್ಧ ಗಂಟೆ ನಡಿಗೆ, ಸಕ್ಕರೆ ಕಡಿಮೆ, ಬೇಗ ನಿದ್ದೆ. ಇದನ್ನು ಕಂಡು ನಮ್ಮ ಹಿರಿಯರೊಬ್ಬರು ಬರೆದಿದ್ದಾರೆ: "ಸಮಾಜ ಇಷ್ಟು ಸಂಕಟದಲ್ಲಿರುವಾಗ ವಾಕಿಂಗು, ಬಿಸಿನೀರು ಅಂತ ಕೂತರೆ ಹೇಗೆ? ಬಾಬಾಸಾಹೇಬರು ನಿದ್ದೆ ನೋಡಿದರಾ, ಶುಗರ್ ನೋಡಿದರಾ?"

ಅವರು ಸಿಟ್ಟಿನಲ್ಲಿ ಕೇಳಿರಬಹುದು, ಆದರೆ ಪ್ರಶ್ನೆ ದೊಡ್ಡದು. ತನ್ನ ದೇಹವನ್ನು ನೋಡಿಕೊಳ್ಳುವುದು ಸ್ವಾರ್ಥವೇ?

ಮೊದಲು ಆ ಬಿಸಿನೀರನ್ನೇ ತೆಗೆದುಕೊಳ್ಳೋಣ. ಬಾಬಾಸಾಹೇಬರು ಕೋರೆಗಾಂವ್ ಸ್ತಂಭಕ್ಕೆ ಹೋಗಿ ಗೌರವ ಸಲ್ಲಿಸಿದ್ದು 1927ರ ಜನವರಿ 1ರಂದು. ಅದೇ ವರ್ಷ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ನಡುವೆ ಮೂರು ತಿಂಗಳೂ ಇಲ್ಲ. ಊರಿನ ಕೆರೆಯ ಒಂದು ಬೊಗಸೆ ನೀರಿಗೆ ಏಟು ತಿಂದ ಜನ ನಾವು. ಬೆಳಿಗ್ಗೆ ಎದ್ದು ಯಾರ ಹಂಗಿಲ್ಲದೆ ಒಂದು ಲೋಟ ಶುದ್ಧ ನೀರು ಕುಡಿಯುವುದು ಬೇರೆಯವರಿಗೆ ಬರೀ ಆರೋಗ್ಯದ ಸಲಹೆ ಇರಬಹುದು, ನಮಗೆ ಅದರ ಹಿಂದೆ ಒಂದು ಚರಿತ್ರೆ ಇದೆ. ಅದೇ ಮಹಾಡದ ಸಭೆಯಲ್ಲಿ ಅವರು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಎಂದೂ ಹೇಳಿದರು. ಅಂದರೆ ಹಕ್ಕಿನ ಮಾತು, ತಟ್ಟೆಯ ಮಾತು ಎರಡೂ ಒಂದೇ ವೇದಿಕೆಯಿಂದ, ಒಂದೇ ಬಾಯಿಂದ ಬಂದವು. ಅವುಗಳನ್ನು ಬೇರೆ ಮಾಡಿದವರು ನಾವು.

ಇನ್ನು ಸ್ವಾರ್ಥದ ಪ್ರಶ್ನೆ. ಅಂಗುತ್ತರ ನಿಕಾಯದಲ್ಲಿ ಭಗವಾನರು ನಾಲ್ಕು ಬಗೆಯ ಜನರನ್ನು ಹೇಳುತ್ತಾರೆ. ತನಗೂ ಪರರಿಗೂ ಹಿತ ಮಾಡದವನು, ಪರರಿಗೆ ಮಾತ್ರ ಮಾಡುವವನು, ತನಗೆ ಮಾತ್ರ ಮಾಡುವವನು, ಇಬ್ಬರಿಗೂ ಮಾಡುವವನು. ಕೊನೆಯವನೇ ಶ್ರೇಷ್ಠ, ಅದರಲ್ಲಿ ಅನುಮಾನವಿಲ್ಲ. ಆದರೆ ನಡುವಿನ ಇಬ್ಬರಲ್ಲಿ ಯಾರು ಮೇಲು? ಪರಹಿತದವನೇ ಎಂದು ನಾವು ಹೇಳಿಬಿಡುತ್ತೇವೆ. ಭಗವಾನರು ಹೇಳುವುದು ತಿರುಗಮುರುಗ. ತನ್ನ ಹಿತವನ್ನಾದರೂ ಸಾಧಿಸಿಕೊಂಡವನು ಮೇಲು. ಕಾರಣ ಮುಂದಿನ ಒಂದು ಸುತ್ತದಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಪರಹಿತ ಮಾತ್ರ ಮಾಡುವವನು ಎಂದರೆ ಪಂಚಶೀಲವನ್ನು ಊರಿಗೆಲ್ಲ ಬೋಧಿಸಿ ತಾನು ಮುರಿಯುವವನು. ಮದ್ಯ ಬಿಡಿ ಎಂದು ವೇದಿಕೆಯಲ್ಲಿ ಗುಡುಗಿ, ಇಳಿದ ಮೇಲೆ ಬಾಟಲಿಗೆ ಕೂರುವವರನ್ನು ನಾವು ಕಂಡಿಲ್ಲವೇ? ನಿನ್ನೆ ರಾತ್ರಿಯೂ ಕಂಡಿರಬಹುದು, ಹೆಸರು ಬೇಡ.

ಬಾಬಾಸಾಹೇಬರ ಉದಾಹರಣೆ ಕೊಡುವಾಗ ನನಗೆ ಸ್ವಲ್ಪ ಭಯವಾಗುತ್ತದೆ. ಅವರು ನಿದ್ದೆಗೆಟ್ಟದ್ದು ನಿಜ, ಸಕ್ಕರೆ ಕಾಯಿಲೆ ಅವರನ್ನು ಹಿಂಡಿದ್ದೂ ನಿಜ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಕೊಟ್ಟರು, ಡಿಸೆಂಬರ್ 6ಕ್ಕೆ ಹೋಗಿಬಿಟ್ಟರು. ಎಂಟು ವಾರ ತುಂಬಿರಲಿಲ್ಲ. ದೀಕ್ಷೆ ಪಡೆದ ಲಕ್ಷಾಂತರ ಜನರಿಗೆ ದಾರಿ ತೋರಿಸಲು ಇನ್ನು ಹತ್ತು ವರ್ಷ ಅವರು ಇದ್ದಿದ್ದರೆ ಎಂದು ಯೋಚಿಸದ ಬೌದ್ಧರುಂಟೇ? ಅವರಿಗೆ ಬೇರೆ ದಾರಿ ಇರಲಿಲ್ಲ, ಎಲ್ಲ ಕೆಲಸ ಒಂದೇ ಹೆಗಲ ಮೇಲಿತ್ತು. ನಮ್ಮ ಸ್ಥಿತಿ ಹಾಗಿಲ್ಲ. ಅವರ ಓದನ್ನು ಅನುಸರಿಸುವುದು ಕಷ್ಟ, ನಿದ್ದೆಗೆಡುವುದು ಸುಲಭ. ನಾವು ಸುಲಭದ್ದನ್ನು ಆರಿಸಿಕೊಂಡು ಅದಕ್ಕೆ ತ್ಯಾಗ ಎಂದು ಹೆಸರಿಡುತ್ತಿದ್ದೇವೆ.

ಸಂಯುತ್ತ ನಿಕಾಯದಲ್ಲಿ ನನಗೆ ತುಂಬ ಇಷ್ಟವಾದ ಒಂದು ಪ್ರಸಂಗವಿದೆ. ಕೋಸಲದ ರಾಜ ಪಸೇನದಿ ಒಂದು ಊಟಕ್ಕೆ ದೋಣದಷ್ಟು ಅನ್ನ ಉಣ್ಣುತ್ತಿದ್ದ. ದೋಣವೆಂದರೆ ಆ ಕಾಲದ ದೊಡ್ಡ ಅಳತೆ. ಒಂದು ದಿನ ಉಂಡು ಏದುಸಿರು ಬಿಡುತ್ತ ಭಗವಾನರ ಬಳಿ ಬಂದು ಕುಳಿತ. ಭಗವಾನರು ಬೈಯಲಿಲ್ಲ, ಉಪವಾಸ ಮಾಡು ಎನ್ನಲಿಲ್ಲ. ಎಚ್ಚರದಿಂದ, ಅಳತೆ ಅರಿತು ಉಣ್ಣುವವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬರ್ಥದ ಒಂದು ಗಾಥೆ ಹೇಳಿದರು, ಅಷ್ಟೆ. ರಾಜ ಹಿಂದೆ ನಿಂತಿದ್ದ ಸುದಸ್ಸನ ಎಂಬ ಹುಡುಗನಿಗೆ ಅದನ್ನು ಬಾಯಿಪಾಠ ಮಾಡಿಸಿ, ಪ್ರತಿ ಊಟದ ಹೊತ್ತಿಗೂ ಹೇಳಬೇಕೆಂದು ದಿನಕ್ಕೆ ನೂರು ಕಹಾಪಣ ಗೊತ್ತುಮಾಡಿದ. ಹೋಗ್ತಾ ಹೋಗ್ತಾ ಅವನ ಊಟ ನಾಳಿಯಷ್ಟು ಅನ್ನಕ್ಕೆ ಇಳಿಯಿತು, ಮೈ ಹಗುರಾಯಿತು.

ಇಲ್ಲಿ ಎರಡು ಮಾತು. ನಮ್ಮ ಅಜ್ಜಿಯರಿಗೆ ಮಿತಾಹಾರದ ಉಪದೇಶ ಬೇಕಿರಲಿಲ್ಲ, ಮಡಕೆಯೇ ಅಳತೆ ಹೇಳುತ್ತಿತ್ತು. ಇವತ್ತು ನೌಕರಿ ಹಿಡಿದ ನಮ್ಮ ತಲೆಮಾರಿಗೆ ಹಸಿವಿನ ನೆನಪೂ ಇದೆ, ತುಂಬಿದ ತಟ್ಟೆಯೂ ಇದೆ. ಬಂದವರಿಗೆ ಎರಡು ಸಲ ಬಡಿಸದಿದ್ದರೆ ನಮಗೆ ಸಮಾಧಾನವಿಲ್ಲ. ಆ ಪ್ರೀತಿಯನ್ನು ಬಿಡಿ ಎನ್ನಲಾರೆ, ಆದರೆ ಅದಕ್ಕೆ ಸುದಸ್ಸನನ ದನಿ ಬೇಕು.

ಎರಡನೆಯದು, ರಾಜನಿಗೂ ಒಬ್ಬನೇ ಅಭ್ಯಾಸ ಬದಲಿಸಿಕೊಳ್ಳಲು ಆಗಲಿಲ್ಲ. ನೆನಪಿಸುವವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ, ಕೂಲಿ ಕೊಟ್ಟ. ನಮ್ಮ ಮನೆಗಳಲ್ಲಿ "ಮಾತ್ರೆ ತಗೊಂಡ್ರಾ?" ಎಂದು ಹೆಂಡತಿಯೋ ಮಗಳೋ ಬಿಟ್ಟಿಯಾಗಿ ಕೇಳುತ್ತಾರೆ, ನಾವು ರೇಗುತ್ತೇವೆ. ಕೇಳುವ ಅವರ ಮಾತ್ರೆಯನ್ನು ಕೇಳುವವರಂತೂ ಯಾರೂ ಇಲ್ಲ.

ಐದನೆಯ ಶೀಲದಲ್ಲಿ ಮದ್ಯವನ್ನು ಬೇಡವೆನ್ನಲು ಕೊಟ್ಟ ಕಾರಣ ಪಮಾದ, ಅಂದರೆ ಮೈಮರೆವು. ಭಗವಾನರು ಕೊನೆಯುಸಿರಿಗೆ ಮುನ್ನ ಭಿಕ್ಖುಗಳಿಗೆ ಹೇಳಿದ್ದೂ ಅಪ್ಪಮಾದವನ್ನೇ. ಬಿ.ಪಿ. ಮಾತ್ರೆ ವಾರಗಟ್ಟಲೆ ಬಿಡುವುದು, ನಡುರಾತ್ರಿ ಎರಡರವರೆಗೆ ಫೋನಿನಲ್ಲಿ ಜಗಳ ಆಡುವುದು ಕೂಡ ಪಮಾದವೇ ಎಂದು ನನ್ನ ತಿಳಿವಳಿಕೆ. ಉಸಿರನ್ನು ಗಮನಿಸುತ್ತ ಐದು ನಿಮಿಷ ಕೂರುವುದಕ್ಕೆ ಮುಂಚೆ ಫೋನ್ ಮುಟ್ಟಬೇಡಿ ಎಂದೂ ಹೇಳಬಹುದಿತ್ತು. ಆದರೆ ಇದನ್ನು ಅರ್ಧ ಜನ ಹಾಸಿಗೆಯಲ್ಲೇ ಓದುತ್ತಿರುತ್ತೀರಿ, ಕಳಿಸಿದವರೂ ನಾವೇ!

ಬರುವ ಭಾನುವಾರ ವಂದನೆ ಮುಗಿದ ಮೇಲೆ ವಿಹಾರದಲ್ಲೇ ಎಲ್ಲರ ಬಿ.ಪಿ., ಶುಗರ್ ನೋಡಲು ನಮ್ಮ ಬಳಗದ ನರ್ಸ್ ಅಕ್ಕ ಒಪ್ಪಿದ್ದಾರೆ. ಬೆಳಿಗ್ಗೆ ಏನೂ ತಿನ್ನದೆ ಬನ್ನಿ, ನೀರು ಕುಡಿಯಬಹುದು. ಮಾತ್ರೆ ಚೀಟಿ ತನ್ನಿ. ಮನೆಯ ಹೆಣ್ಣುಮಕ್ಕಳನ್ನು ಅಡುಗೆಮನೆಯಲ್ಲಿ ಬಿಟ್ಟು ಬರಬೇಡಿ. ಪ್ರಶ್ನೆ ಕೇಳಿದ ಹಿರಿಯರು ಮೊದಲ ಕುರ್ಚಿಯಲ್ಲಿ ಕೂರಬೇಕೆಂದು ನನ್ನ ವಿನಂತಿ.

ಭವತು ಸಬ್ಬ ಮಂಗಲಂ. ಜೈ ಭೀಮ್.